ಪೆಟ್ಟಿಲ್ಲದೆ ರಕ್ತ ಸುರಿಸಿದ ಮೂತ್ರಪಿಂಡ: ಪಾಲಿಆರ್ಟರೈಟಿಸ್ ನೋಡೋಸಾದ ಒಂದು ಪ್ರಕರಣ ಅಧ್ಯಯನ

44 ವರ್ಷದ ಪುರುಷ. 5 ಗಂಟೆಯಿಂದ ಎಡ ಪಕ್ಕೆಯಲ್ಲಿ ತಡೆಯಲಾಗದ ನೋವು, ಎರಡು ಸಲ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ಬಿದ್ದಿಲ್ಲ, ಪೆಟ್ಟಾಗಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿಲ್ಲ. ಮೊದಲು ನೋಡಿದವರು ಕಿಡ್ನಿ ಕಲ್ಲೆಂದು ಭಾವಿಸಿ ಡೈಕ್ಲೋಫೆನಾಕ್ ಚುಚ್ಚುಮದ್ದು ಕೊಟ್ಟು ಕಳಿಸಿದ್ದರು. ನೋವು ಇಳಿಯಲಿಲ್ಲ, ಬದಲಿಗೆ ಬೆವರು, ತಣ್ಣಗಾದ ಕೈಕಾಲು.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡತವಲ್ಲ. ಪಾಲಿಆರ್ಟರೈಟಿಸ್ ನೋಡೋಸಾ, ಅಂದರೆ ಮಧ್ಯಮ ಗಾತ್ರದ ಅಪಧಮನಿಗಳ ಉರಿಯೂತ, ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ಒಬ್ಬ ರೋಗಿಯಲ್ಲಿ ಒಟ್ಟುಗೂಡಿಸಿ ಕಲಿಕೆಗಾಗಿ ಕಟ್ಟಿದ ಪ್ರಕರಣ. ರೋಗಿಯ ಅಂಕಿಗಳನ್ನೂ ಅದಕ್ಕೆಂದೇ ಆಯ್ದುಕೊಳ್ಳಲಾಗಿದೆ. ಔಷಧದ ಪ್ರಮಾಣ ಮತ್ತು ಕ್ರಮ ಮಾತ್ರ ವಾಸ್ತವದಲ್ಲಿ ಬಳಕೆಯಲ್ಲಿರುವವೇ.

ಮೊದಲ ಹತ್ತು ನಿಮಿಷ

ತುರ್ತು ಚಿಕಿತ್ಸಾ ಕೊಠಡಿಯಲ್ಲಿ ನಾಡಿ ನಿಮಿಷಕ್ಕೆ 116, ರಕ್ತದೊತ್ತಡ 118/76, ಉಸಿರಾಟ 24, ಜ್ವರ 37.8 ಡಿಗ್ರಿ ಸೆಲ್ಸಿಯಸ್. 118/76 ನೋಡಿ ಸಮಾಧಾನಪಟ್ಟವರು ಮೋಸ ಹೋಗುತ್ತಾರೆ. ಎರಡು ವಾರದ ಹಿಂದಿನ ಚೀಟಿಯಲ್ಲಿ ಇದೇ ವ್ಯಕ್ತಿಯ ಒತ್ತಡ 170/104 ಇತ್ತು. ಅಂದರೆ ಅವರ ಲೆಕ್ಕದಲ್ಲಿ ಒತ್ತಡ ಆಗಲೇ 50 ಅಂಕ ಕುಸಿದಿದೆ. ನಾಡಿಯನ್ನು ಮೇಲಿನ ಒತ್ತಡದಿಂದ ಭಾಗಿಸಿದರೆ 0.98, ಈ ಸೂಚ್ಯಂಕ 0.9 ದಾಟಿತೆಂದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೆಂದೇ ಹಿಡಿದು ಮುಂದುವರಿಯಬೇಕು. ರಕ್ತನಾಳದ ಉರಿಯೂತವಿರುವ ರೋಗಿಗಳಲ್ಲಿ ಅಧಿಕ ರಕ್ತದೊತ್ತಡ ಸಾಮಾನ್ಯವಾದ್ದರಿಂದ ಅವರಿಗೆ 'ನಾರ್ಮಲ್' ಎನ್ನಿಸುವ ಒತ್ತಡವೇ ಆಘಾತದ (ಅಂಗಗಳಿಗೆ ರಕ್ತ ಸಾಲದ ಸ್ಥಿತಿಯ) ಗುರುತಾಗಿರಬಹುದು. ಹಳೆಯ ಚೀಟಿ ಕೇಳಿ ಪಡೆಯುವುದಕ್ಕೆ ಹಿಡಿಯುವ ಅರ್ಧ ನಿಮಿಷ ಇಲ್ಲಿ ಬಹಳ ಬೆಲೆಯುಳ್ಳದ್ದು.

ಎಡ ಪಕ್ಕೆ ಮುಟ್ಟಿದರೆ ನೋವು, ಕೈಗೆ ತುಂಬಿದಂತೆ ಸಿಗುವ ಗಡಸು. ಪಕ್ಕೆ ನೋವು, ಪಕ್ಕೆಯಲ್ಲಿ ಗಡ್ಡೆ, ರಕ್ತ ಕಡಿಮೆಯಾದ ಆಘಾತ: ಈ ಮೂರೂ ಸೇರಿದ್ದಕ್ಕೆ ಲೆಂಕ್ ತ್ರಿಲಕ್ಷಣ ಎಂಬ ಹೆಸರಿದೆ. ಪೆಟ್ಟಿಲ್ಲದೆ ಮೂತ್ರಪಿಂಡದ ಸುತ್ತ ರಕ್ತ ತುಂಬುವ ಸ್ಥಿತಿಯನ್ನು 1856ರಲ್ಲಿ ವಿವರಿಸಿದ ಜರ್ಮನ್ ವೈದ್ಯ ಕಾರ್ಲ್ ವುಂಡರ್ಲಿಷ್ ಹೆಸರಿನಲ್ಲೇ ಇಂದಿಗೂ ಇದನ್ನು ಗುರುತಿಸುತ್ತಾರೆ. ಮೂರು ಲಕ್ಷಣಗಳೂ ಒಟ್ಟಿಗೆ ಕಾಣುವುದು ಎಲ್ಲರಲ್ಲೂ ಅಲ್ಲ; ಮೂರನೆಯದು ಬರುವವರೆಗೆ ಕಾದರೆ ತಡವಾಗುತ್ತದೆ.

ಮೂತ್ರದ ಬಣ್ಣ ಸಾಮಾನ್ಯವಾಗಿತ್ತು. ಮೂತ್ರದಲ್ಲಿ ರಕ್ತವಿಲ್ಲ, ಹಾಗಾಗಿ ಮೂತ್ರಪಿಂಡದ ರಕ್ತಸ್ರಾವವಲ್ಲ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ರಕ್ತ ಹರಿದದ್ದು ಮೂತ್ರ ಸೇರುವ ಕೊಳವೆಯೊಳಕ್ಕಲ್ಲ. ಮೂತ್ರಪಿಂಡದ ಪೊರೆಯ ಕೆಳಗೆ ಮತ್ತು ಅದರ ಸುತ್ತಲಿನ ಕೊಬ್ಬಿನೊಳಕ್ಕೆ.

ಎರಡೂ ತೋಳಿಗೆ 16 ಗೇಜಿನ ಕ್ಯಾನುಲಾ. ರಕ್ತದ ಗುಂಪು ಮತ್ತು ಕ್ರಾಸ್‌ಮ್ಯಾಚ್‌ಗೆ ಮಾದರಿ. ಇದೇ ಚುಚ್ಚಿನಲ್ಲಿ ಇನ್ನೊಂದು ಕೆಲಸ ಮುಗಿಯಬೇಕು: ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎಎನ್‌ಎ, ಆಂಕಾ, ಸಿ3-ಸಿ4, ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ (ಕೊನೆಯ ನಾಲ್ಕು ದೇಹ ತನ್ನ ವಿರುದ್ಧವೇ ತಿರುಗಿಬಿದ್ದಿದೆಯೇ ಎಂದು ನೋಡುವ ಪರೀಕ್ಷೆಗಳು) ಇವುಗಳಿಗೂ ರಕ್ತ ತೆಗೆದಿಟ್ಟುಕೊಳ್ಳುವುದು. ರಕ್ತ ಮತ್ತು ಪ್ಲಾಸ್ಮಾ ಕೊಟ್ಟ ಮೇಲೆ ತೆಗೆದ ಮಾದರಿಯಲ್ಲಿ ದಾನಿಯ ಪ್ರತಿಕಾಯಗಳೂ ಬೆರೆತಿರುತ್ತವೆ. ಹೆಪಟೈಟಿಸ್ ಬಿ ಕೋರ್ ಪ್ರತಿಕಾಯ ಪಾಸಿಟಿವ್ ಬಂದರೆ ಅದು ರೋಗಿಯದೋ ದಾನಿಯದೋ ಎಂಬ ಗೊಂದಲ ವಾರಗಟ್ಟಲೆ ಕಾಡುತ್ತದೆ. ಎರಡು ಬೇರೆ ಬೇರೆ ಜಾಗದಿಂದ ಬ್ಲಡ್ ಕಲ್ಚರ್ ಕೂಡ ಆಗಲೇ. ಇದರ ಕಾರಣ ಮುಂದೆ ಬರುತ್ತದೆ.

ಹಿಮೋಗ್ಲೋಬಿನ್ ಮೊದಲ ಸಲ 9.8. ಎರಡು ಗಂಟೆಯಲ್ಲಿ 7.1. ರಕ್ತ ಸೋರಿದ ಮೊದಲ ಗಂಟೆಗಳಲ್ಲಿ ಈ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ದ್ರವ ಒಳಸೇರಿ ರಕ್ತ ತೆಳುವಾದ ಮೇಲೆಯೇ ನಿಜ ಹೊರಬೀಳುವುದು. ಲ್ಯಾಕ್ಟೇಟ್ (ಅಂಗಾಂಶಕ್ಕೆ ಆಮ್ಲಜನಕ ಸಾಲದಾಗ ಏರುವಂಥದ್ದು) 3.4, ಕ್ರಿಯಾಟಿನಿನ್ 1.7 (ಮೂತ್ರಪಿಂಡದ ಕೆಲಸ ಕುಗ್ಗಿದಂತೆ ಏರುವ ಅಂಕಿ; ಆರು ತಿಂಗಳ ಹಿಂದೆ 1.0), ಪ್ಲೇಟ್‌ಲೆಟ್ 4,12,000, ಐಎನ್‌ಆರ್ 1.1, ಎಪಿಟಿಟಿ 31 ಸೆಕೆಂಡ್ (ಈ ಎರಡೂ ರಕ್ತ ಹೆಪ್ಪುಗಟ್ಟುವ ವೇಗದ ಅಳತೆ), ಸಿಆರ್‌ಪಿ ಲೀಟರಿಗೆ 148 ಮಿ.ಗ್ರಾಂ, ಇಎಸ್‌ಆರ್ 96 (ಈ ಎರಡೂ ಉರಿಯೂತದ ಸೂಚಕಗಳು). ಮೂತ್ರದಲ್ಲಿ ಪ್ರೋಟೀನ್ 1+, ಕೆಂಪು ಕಣ 4ರಿಂದ 6, ಕ್ಯಾಸ್ಟ್ (ಮೂತ್ರಪಿಂಡದ ಸೋಸುವ ಭಾಗ ಹಾಳಾದಾಗ ಕಾಣುವ ಕೊಳವೆಯಾಕಾರದ ತುಣುಕು) ಇಲ್ಲ.

ಹೆಪ್ಪುಗಟ್ಟುವ ವ್ಯವಸ್ಥೆಯಲ್ಲಿ ದೋಷವಿಲ್ಲ. ಪ್ಲೇಟ್‌ಲೆಟ್ ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಹಾಗಿದ್ದೂ ರಕ್ತ ಸೋರುತ್ತಿದೆಯೆಂದರೆ ತೊಂದರೆ ರಕ್ತದಲ್ಲಲ್ಲ, ಕೊಳವೆಯಲ್ಲಿ.

ಕ್ರಿಸ್ಟಲಾಯ್ಡ್ ದ್ರವವನ್ನು (ನಾಳಕ್ಕೆ ಕೊಡುವ ಲವಣದ್ರವ) 1 ಲೀಟರಿಗೆ ನಿಲ್ಲಿಸಿ ರಕ್ತಕ್ಕೆ ಹೋಗಲಾಯಿತು: 3 ಯೂನಿಟ್ ಕೆಂಪು ಕಣ, 2 ಯೂನಿಟ್ ಪ್ಲಾಸ್ಮಾ, ಜೊತೆಗೆ ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ರಕ್ತ ಸೋರುವ ಜಾಗ ಮುಚ್ಚುವವರೆಗೆ ಮೇಲಿನ ಒತ್ತಡವನ್ನು ಹಳೆಯ ಎತ್ತರಕ್ಕೆ ಏರಿಸುವುದು ಬೇಡ. ಮೂತ್ರಪಿಂಡದ ಸುತ್ತಲಿನ ಜೆರೋಟಾ ಪೊರೆ ಬಿಗಿದು ತಾನೇ ಒತ್ತಿ ಹಿಡಿದಿರುತ್ತದೆ; ಒತ್ತಡವನ್ನು 150ಕ್ಕೆ ಏರಿಸಿದರೆ ಆ ಹಿಡಿತ ಸಡಿಲಿ ಹೊಸದಾಗಿ ಸೋರಲು ಶುರುವಾಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಕೊಡಲಿಲ್ಲ. ಉರಿಯೂತದಿಂದ ಕಿರಿದಾದ ನಾಳಗಳಲ್ಲಿ ಹೆಪ್ಪು ಕಟ್ಟುವ ಭಯ ಒಂದು. ರಕ್ತ ಮೂತ್ರನಾಳಕ್ಕೆ ಇಳಿದರೆ ಗಟ್ಟಿ ಹೆಪ್ಪು ಕೊಳವೆಯನ್ನೇ ಮುಚ್ಚುವ ಭಯ ಇನ್ನೊಂದು. ಎಂಬೋಲೈಸೇಶನ್ (ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ವಿಧಾನ) ಒಂದು ಗಂಟೆಯೊಳಗೆ ಸಿಗುವಂತಿರುವಾಗ ಈ ಎರಡು ಅಪಾಯಗಳನ್ನು ಮೈಮೇಲೆ ಎಳೆದುಕೊಳ್ಳಬೇಕಿಲ್ಲ.

ಚಿತ್ರಣ ಏನು ಹೇಳಿತು

ಅಲ್ಟ್ರಾಸೌಂಡ್‌ನಲ್ಲಿ ಎಡ ಮೂತ್ರಪಿಂಡದ ಗೆರೆ ಮಸುಕು, ಅಷ್ಟೇ. ಹೊಸ ರಕ್ತ ಸುತ್ತಲಿನ ಅಂಗಾಂಶದಷ್ಟೇ ಹೊಳಪಿನಲ್ಲಿ ಕಾಣುವುದರಿಂದ ದೊಡ್ಡ ಹೆಪ್ಪೂ ಕಣ್ತಪ್ಪಬಹುದು. ಕ್ರಿಯಾಟಿನಿನ್ 1.7 ಇದೆಯೆಂದು ಕಾಂಟ್ರಾಸ್ಟ್ (ನಾಳಗಳನ್ನು ಎದ್ದು ಕಾಣಿಸುವ, ಆದರೆ ಮೂತ್ರಪಿಂಡಕ್ಕೆ ಹಾನಿ ಮಾಡಬಹುದಾದ ದ್ರವ) ಇಲ್ಲದ ಸಿಟಿಗೆ ತೃಪ್ತಿಪಡುವುದು ಇಲ್ಲಿ ದೊಡ್ಡ ತಪ್ಪಾಗುತ್ತಿತ್ತು. ಸೋರುವ ಜಾಗ ತಿಳಿಯದೆ ಕಳೆದುಕೊಳ್ಳುವ ಮೂತ್ರಪಿಂಡ, ಕಾಂಟ್ರಾಸ್ಟ್‌ನಿಂದ ಕಳೆದುಕೊಳ್ಳಬಹುದಾದದ್ದಕ್ಕಿಂತ ಬಹಳ ಹೆಚ್ಚು.

ಸಿಟಿಯನ್ನು ಮೂರು ಹಂತದಲ್ಲಿ ತೆಗೆಯಬೇಕು. ಕಾಂಟ್ರಾಸ್ಟ್ ಇಲ್ಲದ ಮೊದಲ ಹಂತದಲ್ಲಿ 11×8×7 ಸೆಂ.ಮೀ. ಹೆಪ್ಪು ಕಂಡಿತು, ಸಾಂದ್ರತೆ 62 ಹೌನ್ಸ್‌ಫೀಲ್ಡ್, ಅಂದರೆ ಹೊಸ ರಕ್ತ. ಅದರಲ್ಲಿ 2.6 ಸೆಂ.ಮೀ. ದಪ್ಪದ ಪದರ ಪೊರೆಯ ಕೆಳಗೆ ಮೂತ್ರಪಿಂಡವನ್ನು ಚಪ್ಪಟೆಯಾಗಿಸಿತ್ತು. ಕೊಬ್ಬಿನ ಸಾಂದ್ರತೆಯ ಗಡ್ಡೆ ಎಲ್ಲೂ ಇರಲಿಲ್ಲ. ಇದನ್ನು ಹುಡುಕಲೇಬೇಕು, ಏಕೆಂದರೆ ಪೆಟ್ಟಿಲ್ಲದ ಇಂಥ ರಕ್ತಸ್ರಾವಕ್ಕೆ ಅತಿ ಸಾಮಾನ್ಯ ಕಾರಣ ಗಡ್ಡೆ: ಆಂಜಿಯೋಮಯೋಲಿಪೋಮಾ (ಕೊಬ್ಬು ಸೇರಿರುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಅಥವಾ ಮೂತ್ರಪಿಂಡದ ಕ್ಯಾನ್ಸರ್. ರಕ್ತನಾಳದ ಕಾಯಿಲೆ ಅದರ ನಂತರದ್ದು. ಆ ಗುಂಪಿನಲ್ಲಿ ಪಾಲಿಆರ್ಟರೈಟಿಸ್ ನೋಡೋಸಾ ಮುಂದಿದೆ.

ಅಪಧಮನಿ ಹಂತದಲ್ಲಿ ಎಡ ಮೂತ್ರಪಿಂಡದ ಕೆಳತುದಿಯಲ್ಲಿ 6 ಮಿ.ಮೀ. ಉಬ್ಬು, ಅದರ ಪಕ್ಕ ಕಾಂಟ್ರಾಸ್ಟ್‌ನ ಸಣ್ಣ ಚಿಮ್ಮು. ತಡವಾದ ಹಂತದಲ್ಲಿ ಆ ಚಿಮ್ಮು ಹರಡಿ ದೊಡ್ಡದಾಯಿತು. ಇದೇ ಮುಖ್ಯ ಗುರುತು: ಒಡೆಯದ ಉಬ್ಬಿನೊಳಗಿನ ಕಾಂಟ್ರಾಸ್ಟ್ ಅಪಧಮನಿಯ ಜೊತೆಗೇ ಮಾಸುತ್ತದೆ, ಹೊರಗೆ ಸೋರುತ್ತಿರುವುದು ಬೆಳೆಯುತ್ತಾ ಹೋಗುತ್ತದೆ. ಎರಡೂ ಮೂತ್ರಪಿಂಡಗಳಲ್ಲಿ ಬೆಣೆಯಾಕಾರದ, ರಕ್ತ ತಲುಪದ ತುಣುಕುಗಳಿದ್ದವು. ಒಂದೇ ಅಂಗದಲ್ಲಿ ಒಂದೆಡೆ ನಾಳ ಒಡೆದಿದೆ, ಇನ್ನೊಂದೆಡೆ ಮುಚ್ಚಿದೆ. ಇಷ್ಟು ಕಂಡ ಮೇಲೆ ಇದನ್ನು ಮೂತ್ರಪಿಂಡದ ಅಪಘಾತವೆಂದಲ್ಲ, ಅಪಧಮನಿಯ ಕಾಯಿಲೆಯೆಂದು ಓದಬೇಕು.

ಕೇಳಿದಾಗ ಸಿಕ್ಕ ಹಿಂದಿನ ಮೂರು ತಿಂಗಳು

ಪಕ್ಕೆ ನೋವಿಗೆ ಬಂದವರನ್ನು ಪಾದದ ಬಗ್ಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಹೊರಬಂದದ್ದು: ಮೂರು ತಿಂಗಳಿಂದ ಸಂಜೆ ಜ್ವರ, ತೂಕ 71ರಿಂದ 64 ಕೆ.ಜಿ.ಗೆ ಇಳಿಕೆ, ಮೀನಖಂಡದಲ್ಲಿ ನೋವು, ಆರು ವಾರದ ಹಿಂದೆ ಒಂದು ಬೆಳಗ್ಗೆ ಬಲ ಪಾದ ಎತ್ತಲಾಗದೆ ಜೋತುಬಿದ್ದದ್ದು, ನಂತರ ಎಡಗೈಯ ಕಿರುಬೆರಳಿನಲ್ಲಿ ಜೋಮು, ನಡುವೆ ಒಂದು ವಾರ ಎಡ ವೃಷಣದಲ್ಲಿ ನೋವು. ಹೊಸದಾಗಿ ಬಂದ ರಕ್ತದೊತ್ತಡ. ತೊಡೆಯ ಮೇಲೆ ಬಲೆಯಂಥ ನೇರಳೆ ಗೆರೆಗಳು. ಒಂದೊಂದಕ್ಕೂ ಒಬ್ಬೊಬ್ಬ ವೈದ್ಯರು, ಒಂದೊಂದು ಮಾತ್ರೆ.

ಪಾಲಿಆರ್ಟರೈಟಿಸ್ ನೋಡೋಸಾದಲ್ಲಿ ಉರಿಯೂತ ಹಿಡಿಯುವುದು ಮಧ್ಯಮ ಗಾತ್ರದ ಅಪಧಮನಿಗಳನ್ನು. ನಾಳದ ಗೋಡೆಯ ಒಂದು ಪಾಲು ಫೈಬ್ರಿನಾಯ್ಡ್ ನೆಕ್ರೋಸಿಸ್‌ಗೆ ತುತ್ತಾಗಿ ಸಾಯುತ್ತದೆ, ಸ್ಥಿತಿಸ್ಥಾಪಕ ಪದರ ಹರಿಯುತ್ತದೆ, ಒಳಗಿನ ಒತ್ತಡಕ್ಕೆ ಆ ಜಾಗ ಉಬ್ಬುತ್ತದೆ. ಹೆಚ್ಚಾಗಿ ನಾಳ ಕವಲೊಡೆಯುವಲ್ಲಿ. ಹಳೆಯ ಸೈಕಲ್ ಟೈರಿನ ಸವೆದ ಜಾಗದಲ್ಲಿ ಟ್ಯೂಬ್ ಹೊರಚಾಚುವ ಹಾಗೆ. ಗ್ಲೊಮೆರುಲಸ್‌ಗಳಿಗೆ (ಮೂತ್ರಪಿಂಡದೊಳಗೆ ರಕ್ತ ಸೋಸುವ ಸೂಕ್ಷ್ಮ ನಾಳಗಳ ಗೊಂಚಲು) ಈ ಕಾಯಿಲೆ ಕೈಹಾಕುವುದಿಲ್ಲ. ಅದಕ್ಕೇ ಮೂತ್ರ ಅಷ್ಟು ಸ್ವಚ್ಛ, ಅದಕ್ಕೇ ಕ್ಯಾಸ್ಟ್ ಇಲ್ಲ. ಈ ಕಾಯಿಲೆಯಲ್ಲಿ ಆಂಕಾ ಕೂಡ ನೆಗೆಟಿವ್. ಮೂತ್ರದ ವರದಿ ಚೆನ್ನಾಗಿದೆಯೆಂದು ಮೂತ್ರಪಿಂಡ ಚೆನ್ನಾಗಿದೆಯೆಂದು ಭಾವಿಸಿದವರು ದಾರಿ ತಪ್ಪುವುದು ಇಲ್ಲೇ. ಕಿರಿದಾದ ನಾಳದ ಹಿಂದೆ ಸಿಕ್ಕ ಅಂಗಾಂಶ ರೆನಿನ್ ಸುರಿಸುತ್ತದೆ, ಒತ್ತಡ ಏರುತ್ತದೆ, ಆ ಒತ್ತಡವೇ ಉಬ್ಬನ್ನು ಒಡೆಯುತ್ತದೆ.

ನಾಳ ಮುಚ್ಚುವ ಕೆಲಸ

ಬಲ ತೊಡೆಯ ಅಪಧಮನಿಯಿಂದ 5 ಫ್ರೆಂಚ್ ಅಳತೆಯ ಕೋಬ್ರಾ ಕ್ಯಾತಿಟರ್, ಅದರೊಳಗಿಂದ 2.4 ಫ್ರೆಂಚ್ ಮೈಕ್ರೋಕ್ಯಾತಿಟರ್. ಮೂತ್ರಪಿಂಡದ ಅಪಧಮನಿಗಳು ಕೊನೆಯ ಕವಲುಗಳು. ಪಕ್ಕದ ಕವಲಿನಿಂದ ರಕ್ತ ಬಂದು ಕೈಹಿಡಿಯುವುದಿಲ್ಲ. ಹಾಗಾಗಿ ಮುಚ್ಚುವ ಜಾಗ ಎಷ್ಟು ದೂರದಲ್ಲಿದ್ದರೆ ಅಷ್ಟು ಅಂಗಾಂಶ ಉಳಿಯುತ್ತದೆ. ಮುಖ್ಯ ಕವಲಿನಲ್ಲೇ ಕಾಯಿಲ್ (ನಾಳ ಮುಚ್ಚುವ ಸಣ್ಣ ಲೋಹದ ಸುರುಳಿ) ಇಟ್ಟು ಎದ್ದುಬಂದರೆ ರಕ್ತ ನಿಲ್ಲುತ್ತದೆ, ಜೊತೆಗೆ ಮೂತ್ರಪಿಂಡದ ಕಾಲು ಭಾಗವೂ ಹೋಗಬಹುದು. ಇಲ್ಲಿ ಕೆಳತುದಿಯ ಇಂಟರ್‌ಲೋಬಾರ್ ಕವಲಿನವರೆಗೆ ತಲುಪಿ, ಮೊದಲು ಉಬ್ಬಿನ ಆಚೆ, ನಂತರ ಈಚೆ ಮೈಕ್ರೋಕಾಯಿಲ್ ಇಡಲಾಯಿತು.  ಉರಿಯೂತದ ನಾಳದ ಗೋಡೆ ಬಹಳ ಮೆತ್ತಗಿರುವುದರಿಂದ ವೈರ್‌ನ ತುದಿಯನ್ನು ಉಬ್ಬಿನೊಳಕ್ಕೆ ನುಗ್ಗಿಸಬಾರದು, ಕಾಂಟ್ರಾಸ್ಟನ್ನು ಜೋರಾಗಿ ತಳ್ಳಬಾರದು. ಕಳೆದುಕೊಂಡ ಅಂಗಾಂಶ ಎಡ ಮೂತ್ರಪಿಂಡದ ಹತ್ತನೇ ಒಂದು ಪಾಲಿನಷ್ಟು.

ಅದೇ ಕೂರಿಕೆಯಲ್ಲಿ ಬಲ ಮೂತ್ರಪಿಂಡ, ಯಕೃತ್ತು ಮತ್ತು ಕರುಳಿನ ಅಪಧಮನಿಗಳನ್ನೂ ನೋಡಲಾಯಿತು: 2ರಿಂದ 5 ಮಿ.ಮೀ. ಉಬ್ಬುಗಳು ಹಲವು, ನಡುನಡುವೆ ಕಿರಿದಾದ ತಾವುಗಳು. ಅವನ್ನೆಲ್ಲ ಮುಚ್ಚಿಬಿಡೋಣ ಎಂಬ ಆಸೆ ಬರುವುದು ಸಹಜ. ಬೇಡ. ಒಂದೊಂದನ್ನು ಮುಚ್ಚಿದಾಗಲೂ ಒಂದು ತುಣುಕು ಸಾಯುತ್ತದೆ; ಒಡೆಯದ ಸಣ್ಣ ಉಬ್ಬುಗಳು ಸರಿಯಾದ ಔಷಧಕ್ಕೆ ಕುಗ್ಗುತ್ತವೆ, ಎಷ್ಟೋ ಪೂರ್ತಿ ಮಾಯವಾಗುತ್ತವೆ.

ಮೂತ್ರಪಿಂಡವನ್ನೇ ತೆಗೆದುಬಿಡುವುದು ಎಂಬೋಲೈಸೇಶನ್ ಸೋತು, ರಕ್ತ ನಿಲ್ಲದೆ ಜೀವ ಹೋಗುವ ಹಂತಕ್ಕೆ ಮಾತ್ರ. ಉಳಿಯುವ ಇನ್ನೊಂದು ಮೂತ್ರಪಿಂಡವೂ ಇದೇ ಕಾಯಿಲೆಯದು ಎಂಬುದನ್ನು ಶಸ್ತ್ರಚಿಕಿತ್ಸಾ ತಂಡಕ್ಕೆ ಬಾಯಿಬಿಟ್ಟು ಹೇಳಬೇಕು. ಹಾಗೆಯೇ, ಕಾರಣ ತಿಳಿಯಲು ಮೂತ್ರಪಿಂಡದ ಬಯಾಪ್ಸಿ ಸಲ್ಲದು. ಸೂಜಿ ಒಂದು ಉಬ್ಬಿಗೆ ತಾಗಿದರೆ ಇದೇ ಕಥೆ ಮರಳಿ ಶುರು. ಇವರಲ್ಲಿ ಆರನೇ ದಿನ ಕಾಲಿನ ಸೂರಲ್ ನರ ಮತ್ತು ಮೀನಖಂಡದ ಸ್ನಾಯುವಿನ ಬಯಾಪ್ಸಿ ಮಾಡಿದಾಗ ಅಪಧಮನಿಯ ಗೋಡೆಯಲ್ಲಿ ಫೈಬ್ರಿನಾಯ್ಡ್ ನೆಕ್ರೋಸಿಸ್ ಸಿಕ್ಕಿತು. ನೋವು ಅಥವಾ ಜೋಮು ಇರುವ ಜಾಗದಿಂದ ತೆಗೆದರೆ ಮಾತ್ರ ಫಲ; ಲಕ್ಷಣವಿಲ್ಲದ ಕಡೆ ಕತ್ತರಿಸಿದರೆ ಬಹುತೇಕ ಏನೂ ಸಿಗದು.

ಸ್ಟೀರಾಯ್ಡ್‌ಗೆ ಮೊದಲು ಕೇಳಬೇಕಾದ ಎರಡು ಪ್ರಶ್ನೆ

ಸೋಂಕೇ? ಹೃದಯದ ಕವಾಟದ ಸೋಂಕಿನಲ್ಲೂ ಜ್ವರ, ತೂಕ ಇಳಿಕೆ, ಮೂತ್ರಪಿಂಡದ ಬೆಣೆಯಾಕಾರದ ಗಾಯ, ಅಪಧಮನಿಯ ಉಬ್ಬು ಎಲ್ಲವೂ ಬರುತ್ತವೆ. ಅಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್ ಕೊಟ್ಟರೆ ರೋಗಿ ಉಳಿಯುವುದು ಕಷ್ಟ. ಬಂದ ತಕ್ಷಣ ತೆಗೆದ ಕಲ್ಚರ್‌ಗಳ ಬೆಲೆ ಈಗ ತಿಳಿಯುತ್ತದೆ. ಎಕೋದಲ್ಲಿ ಕವಾಟಗಳು ಶುಭ್ರವಾಗಿದ್ದವು.

ಹೆಪಟೈಟಿಸ್ ಬಿ ಇದೆಯೇ? ಇದ್ದರೆ ದಾರಿಯೇ ಬೇರೆ: ವೈರಾಣು ತಡೆಯುವ ಎಂಟೆಕವಿರ್ ಅಥವಾ ಟೆನೋಫೊವಿರ್, ಸ್ಟೀರಾಯ್ಡ್ ಕೆಲವೇ ದಿನ, ಜೊತೆಗೆ ಪ್ಲಾಸ್ಮಾ ವಿನಿಮಯ. ದೀರ್ಘಕಾಲ ಸೈಕ್ಲೋಫಾಸ್ಫಮೈಡ್ ಕೊಟ್ಟರೆ ವೈರಾಣು ಹೆಚ್ಚುತ್ತದೆ. ಇವರ ವರದಿ ನೆಗೆಟಿವ್.

ಅದೇ ಸಂಜೆ ಮೀಥೈಲ್‌ಪ್ರೆಡ್ನಿಸೊಲೋನ್ 1 ಗ್ರಾಂ, ಒಂದು ಗಂಟೆಗೂ ಹೆಚ್ಚು ಹೊತ್ತು ನಿಧಾನವಾಗಿ. ಒಟ್ಟು 3 ದಿನ. ನಂತರ ಪ್ರೆಡ್ನಿಸೊಲೋನ್ ದಿನಕ್ಕೆ 60 ಮಿ.ಗ್ರಾಂ. ನಾಲ್ಕನೇ ದಿನ, ಕಲ್ಚರ್ 72 ಗಂಟೆ ನೆಗೆಟಿವ್ ಉಳಿದ ಮೇಲೆ, ಸೈಕ್ಲೋಫಾಸ್ಫಮೈಡ್ ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ 960 ಮಿ.ಗ್ರಾಂ. ವಯಸ್ಸು 60 ದಾಟಿದ್ದರೆ 12.5, 70 ದಾಟಿದ್ದರೆ 10, ಕ್ರಿಯಾಟಿನಿನ್ 3.4 ಮೀರಿದ್ದರೆ ಇನ್ನೂ 2.5 ಕಡಿತ. ಒಂದು ಸಲಕ್ಕೆ 1.2 ಗ್ರಾಂ ಮೀರಬಾರದು. ಜೊತೆಗೆ ಸಾಕಷ್ಟು ದ್ರವ, ಮೂತ್ರಕೋಶ ಕಾಯಲು ಮೆಸ್ನಾ, ನ್ಯುಮೋಸಿಸ್ಟಿಸ್ ತಡೆಗೆ ಕೋಟ್ರೈಮೊಕ್ಸಜೋಲ್. ಸೈಕ್ಲೋಫಾಸ್ಫಮೈಡ್ ಸಂತಾನಶಕ್ತಿ ಕುಗ್ಗಿಸಬಹುದಾದ್ದರಿಂದ ವೀರ್ಯ ಸಂಗ್ರಹಿಸಿಡುವ ಮಾತನ್ನು ಮೊದಲ ಡೋಸ್‌ಗೆ ಮುಂಚೆಯೇ ಆಡಬೇಕು. ಜೀವ ಉಳಿಸುವ ಗಡಿಬಿಡಿಯಲ್ಲಿ ಇದು ಬಿಟ್ಟುಹೋಗುತ್ತದೆ. ರೋಗಿಗೆ ಅದು ನೆನಪಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಸ್ಟೀರಾಯ್ಡ್ ಒಂದೇ ಸಾಕಲ್ಲವೇ ಎಂಬ ಪ್ರಶ್ನೆಗೆ ಐದು ಅಂಶಗಳ ಸ್ಕೋರ್ ಉತ್ತರ ಕೊಡುತ್ತದೆ. ಕ್ರಿಯಾಟಿನಿನ್ 1.58 ದಾಟುವುದು, ದಿನಕ್ಕೆ 1 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರಿಕೆ, ಕರುಳಿನ ತೀವ್ರ ತೊಂದರೆ, ಹೃದಯದ ಸ್ನಾಯು, ಮೆದುಳು: ಇವುಗಳಲ್ಲಿ ಒಂದಿದ್ದರೂ ಸೈಕ್ಲೋಫಾಸ್ಫಮೈಡ್ ಸೇರಿಸುವುದು ರೂಢಿ. ಆಘಾತದಿಂದಲೂ ಕ್ರಿಯಾಟಿನಿನ್ ಏರಿರಬಹುದು ಎಂದು ವಾದಿಸಬಹುದು. ಆದರೆ ಎರಡೂ ಮೂತ್ರಪಿಂಡಗಳಲ್ಲಿ ಉಬ್ಬು, ಒಂದು ಆಗಲೇ ಒಡೆದಿದೆ. ಇಲ್ಲಿ ಅಂಕಕ್ಕಾಗಿ ಕಾಯಬೇಕಿಲ್ಲ.

ಮೊದಲ ಎರಡು ವಾರದ ತೊಡಕುಗಳು

ಐದನೇ ದಿನ ಜ್ವರ 38.4, ಎಡ ಪಕ್ಕೆಯಲ್ಲಿ ಮತ್ತೆ ನೋವು. ರಕ್ತವಿಲ್ಲದೆ ಸತ್ತ ತುಣುಕಿನಿಂದ ಬರುವ ಎಂಬೋಲೈಸೇಶನ್ ನಂತರದ ಜ್ವರ ಸಾಮಾನ್ಯವಾಗಿ 3ರಿಂದ 5 ದಿನದಲ್ಲಿ ಇಳಿಯುತ್ತದೆ. ಹೆಪ್ಪಿಗೆ ಸೋಂಕು ತಗಲಿರಬಹುದು, ಕಾಯಿಲೆ ಕೆರಳಿರಬಹುದು, ಮತ್ತೆ ಸೋರುತ್ತಿರಬಹುದು. ಹಿಮೋಗ್ಲೋಬಿನ್ 9.2ರಲ್ಲಿ ನಿಂತಿತ್ತು, ಸಿಆರ್‌ಪಿ 148ರಿಂದ 70ಕ್ಕೆ ಇಳಿದಿತ್ತು, ಹೊಸ ಕಲ್ಚರ್ ನೆಗೆಟಿವ್. ಪ್ಯಾರಾಸಿಟಮಾಲ್‌ನಲ್ಲೇ ನೋವು ಇಳಿಯಿತು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪನ್ನು ಚೀಟಿಯಲ್ಲಿ ಕೆಂಪಕ್ಷರದಲ್ಲಿ ನಿಷೇಧಿಸಿಡಬೇಕು. ಹೆಪ್ಪಿಗೆ ಸೋಂಕಿಲ್ಲದಿದ್ದರೆ ಕೊಳವೆ ಹಾಕಿ ಬಸಿಯಬಾರದು. ಒಳಗಿನ ಒತ್ತಡ ಇಳಿದು ರಕ್ತ ಮರಳಬಹುದು, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಆ ದಾರಿಯಲ್ಲೇ ಸೋಂಕು ಒಳಹೊಗುತ್ತದೆ.

ಏಳನೇ ದಿನ ರಕ್ತದೊತ್ತಡ 190/110. ಕಾರಣ ಎರಡು. ಒಂದು ಕಾಯಿಲೆಯದೇ ರೆನಿನ್. ಇನ್ನೊಂದು, ಪೊರೆಯ ಕೆಳಗಿನ ಹೆಪ್ಪು ಮೂತ್ರಪಿಂಡವನ್ನು ಹಿಸುಕಿ ಅಂಗಾಂಶಕ್ಕೆ ರಕ್ತ ಕಡಿಮೆ ಮಾಡಿದ್ದು. 1939ರಲ್ಲಿ ಇರ್ವಿನ್ ಪೇಜ್ ಪ್ರಾಣಿಗಳ ಮೂತ್ರಪಿಂಡಕ್ಕೆ ಸೆಲೋಫೇನ್ ಸುತ್ತಿ ತೋರಿಸಿದ ಇದಕ್ಕೆ ಪೇಜ್ ಕಿಡ್ನಿ ಎಂದೇ ಹೆಸರು. ಒಡೆಯದ ಉಬ್ಬುಗಳಿರುವಾಗ ಈ ಒತ್ತಡವನ್ನು ಬಿಡುವಂತಿಲ್ಲ. ಮೊದಲು ಆಮ್ಲೋಡಿಪಿನ್ 10 ಮಿ.ಗ್ರಾಂ ಮತ್ತು ಲ್ಯಾಬೆಟಲಾಲ್, ಕ್ರಿಯಾಟಿನಿನ್ 1.4ಕ್ಕೆ ನಿಂತ ಮೇಲೆ ರಾಮಿಪ್ರಿಲ್ 1.25 ಮಿ.ಗ್ರಾಂನಿಂದ ಶುರು. ಸಮಸ್ಯೆ ರೆನಿನ್‌ನದಾದ್ದರಿಂದ ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಎರಡೂ ಕಡೆ ನಾಳಗಳು ಕಿರಿದಾಗಿರುವಾಗ ಮೂತ್ರಪಿಂಡವನ್ನೇ ಕುಸಿಸಬಲ್ಲದು. ಒಂದು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಬೇಕು, ಕ್ರಿಯಾಟಿನಿನ್ ಶೇ. 30ಕ್ಕಿಂತ ಹೆಚ್ಚು ಏರಿದರೆ ನಿಲ್ಲಿಸಬೇಕು.

ಹೊಟ್ಟೆಯ ಮೇಲೂ ಕಣ್ಣಿರಬೇಕು. ಊಟವಾದ ಅರ್ಧ ಗಂಟೆಗೆ ನೋವು ಬಂದರೆ ಕರುಳಿನ ಅಪಧಮನಿಯ ಮಾತು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಕರುಳು ತೂತಾದರೂ ಹೊಟ್ಟೆ ಮೆತ್ತಗೇ ಇರಬಹುದು.

ಇದೇ ರಕ್ತಸ್ರಾವ ಲೂಪಸ್ ರೋಗಿಯಲ್ಲಿ ಬಂದಿದ್ದರೆ

ಮೊದಲ ಅನುಮಾನ ನಾಳಕ್ಕಿಂತ ರಕ್ತದ ಮೇಲೆಯೇ ಹೋಗಬೇಕು. ಲೂಪಸ್‌ನಲ್ಲೂ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ನಾಳದ ಉಬ್ಬು ಬರಬಹುದು, ಆದರೆ ಅದಕ್ಕೆ ಮುಂಚೆ ನೋಡಬೇಕಾದ್ದು ಬಹಳ: ಪ್ಲೇಟ್‌ಲೆಟ್ ಕುಸಿತ, ಆಂಟಿಫಾಸ್ಫೋಲಿಪಿಡ್ ಕಾಯಿಲೆಗೆ ಕೊಟ್ಟ, ರಕ್ತ ತೆಳುವಾಗಿಸುವ ವಾರ್ಫರಿನ್, ಮೂತ್ರಪಿಂಡ ಸೋತವರಲ್ಲಿ ದೇಹದಲ್ಲೇ ಉಳಿದುಬಿಡುವ ಇಂಥದ್ದೇ ಔಷಧ ಎನೊಕ್ಸಾಪರಿನ್, ಇತ್ತೀಚಿನ ಬಯಾಪ್ಸಿ. ವಾರ್ಫರಿನ್ ಕಾರಣವಾದರೆ ವಿಟಮಿನ್ ಕೆ 10 ಮಿ.ಗ್ರಾಂ ನಾಳಕ್ಕೆ ನಿಧಾನವಾಗಿ, ಜೊತೆಗೆ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕೆ.ಜಿ.ಗೆ 25ರಿಂದ 50 ಯೂನಿಟ್.

ಎಪಿಟಿಟಿ ಉದ್ದವಾಗಿದ್ದರೆ ಎರಡು ವಿರುದ್ಧ ಅರ್ಥಗಳಿವೆ. ಲೂಪಸ್ ಆಂಟಿಕೋಯಾಗುಲಂಟ್ ಆದರೆ ಅದು ಪ್ರಯೋಗಾಲಯದ ಕೊಳವೆಯಲ್ಲಷ್ಟೇ ನಿಧಾನ. ದೇಹದಲ್ಲಿ ಹೆಪ್ಪು ಕಟ್ಟಿಸುವ ಸ್ವಭಾವದ್ದು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಫ್ಯಾಕ್ಟರ್ 8ರ ವಿರುದ್ಧ ಪ್ರತಿಕಾಯ ಹುಟ್ಟಿದ್ದರೆ ಅದು ನಿಜವಾದ ರಕ್ತಸ್ರಾವದ ಕಾಯಿಲೆ. ಸಾಮಾನ್ಯ ಪ್ಲಾಸ್ಮಾದೊಂದಿಗೆ ಸಮಸಮ ಬೆರೆಸಿ ನೋಡಬೇಕು: ಬೆರೆಸಿದ ಕೂಡಲೇ ಸರಿಹೋದಂತಿದ್ದು, 37 ಡಿಗ್ರಿಯಲ್ಲಿ 2 ಗಂಟೆ ಇಟ್ಟ ಮೇಲೆ ಮತ್ತೆ ಉದ್ದವಾದರೆ ಫ್ಯಾಕ್ಟರ್ 8ರತ್ತ ಬೆರಳು ತೋರುತ್ತದೆ. ಆಗ ಮಾಮೂಲಿ ಪ್ಲಾಸ್ಮಾ ಸುರಿದು ಪ್ರಯೋಜನವಿಲ್ಲ. ಸಕ್ರಿಯ ಫ್ಯಾಕ್ಟರ್ 7 ಕೆ.ಜಿ.ಗೆ 90 ಮೈಕ್ರೋಗ್ರಾಂ, 2ರಿಂದ 3 ಗಂಟೆಗೊಮ್ಮೆ. ಇದು ತಿಳಿಯದೆ ತೊಡೆಯ ಅಪಧಮನಿಗೆ ಚುಚ್ಚಿದರೆ ಆ ಚುಚ್ಚಿದ ಜಾಗವೇ ಎರಡನೇ ರಕ್ತಸ್ರಾವವಾಗುತ್ತದೆ.

ತಿಂಗಳುಗಳಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಯಾರೇ ಆದರೂ ಆಘಾತದಲ್ಲಿ ಬಂದರೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಕೂಡಲೇ ಕೊಡಬೇಕು. ರಕ್ತ ಕೊಟ್ಟರೂ ಒತ್ತಡ ಏರದಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೂ ರಕ್ತ ಸೋರಿದೆಯೇ ಎಂದು ಸಿಟಿಯಲ್ಲಿ ಮತ್ತೊಮ್ಮೆ ನೋಡಬೇಕು.

ಮನೆಗೆ ಹೋದ ಮೇಲೆ

ಹದಿನಾರನೇ ದಿನ ಬಿಡುಗಡೆ. ಸೈಕ್ಲೋಫಾಸ್ಫಮೈಡ್‌ನ ಮೊದಲ ಮೂರು ಡೋಸ್ 2 ವಾರದ ಅಂತರದಲ್ಲಿ, ನಂತರದ ಮೂರು 3 ವಾರದ ಅಂತರದಲ್ಲಿ. ಪ್ರತಿ ಡೋಸ್‌ಗೆ ಮುಂಚೆ ರಕ್ತಕಣಗಳ ಎಣಿಕೆ. ಪ್ರೆಡ್ನಿಸೊಲೋನ್ ಹಂತಹಂತವಾಗಿ ಇಳಿಕೆ, ಜೊತೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಮನೆಯಲ್ಲೇ ಬೆಳಗ್ಗೆ-ಸಂಜೆ ರಕ್ತದೊತ್ತಡ ಬರೆದಿಡಬೇಕು. ಭಾರ ಎತ್ತುವ ಕೆಲಸ ಸದ್ಯಕ್ಕಿಲ್ಲ. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲೂ ಇನ್ನೊಂದು ಉಬ್ಬು ಒಡೆಯಬಹುದು ಎಂಬುದನ್ನು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು: ಯಾವ ಪಕ್ಕೆಯಲ್ಲಾದರೂ ಇದ್ದಕ್ಕಿದ್ದಂತೆ ನೋವು, ತಲೆಸುತ್ತು, ಕಪ್ಪು ಮಲ, ಇವುಗಳಲ್ಲಿ ಒಂದು ಬಂದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ. ಬರುವಾಗ ಕೈಯಲ್ಲಿ ಇರಬೇಕಾದ್ದು ಕೊನೆಯ ಸಿಟಿ ವರದಿ ಮತ್ತು ರಕ್ತದೊತ್ತಡ ಬರೆದ ಪುಸ್ತಕ.

ಮೂರು ತಿಂಗಳಿಗೆ ಮತ್ತೆ ಸಿಟಿ ಆಂಜಿಯೋ. ಹೆಪ್ಪು 3 ಸೆಂ.ಮೀ.ಗೆ ಕುಗ್ಗಿತ್ತು, ಬಲಗಡೆಯ ಉಬ್ಬುಗಳಲ್ಲಿ ಎರಡು ಮಾತ್ರ ಸಣ್ಣದಾಗಿ ಉಳಿದಿದ್ದವು, ಹೊಸದು ಇರಲಿಲ್ಲ. ಹೆಪ್ಪಿನ ಹಿಂದೆ ಮೊದಲ ದಿನ ಅಡಗಿರಬಹುದಾದ ಗಡ್ಡೆಯನ್ನು ತಳ್ಳಿಹಾಕಲೂ ಈ ಚಿತ್ರಣವೇ ಬೇಕು. ಅಲ್ಲಿಯೂ ಏನೂ ಸಿಗಲಿಲ್ಲ. ಕ್ರಿಯಾಟಿನಿನ್ 1.2, ಒತ್ತಡ 128/80. ಪಾದ ಅರ್ಧದಷ್ಟು ಎತ್ತಲಾಗುತ್ತಿತ್ತು. ನರ ಚಿಗುರಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಪಾದ ಹಿಡಿದಿಡುವ ಸ್ಪ್ಲಿಂಟ್ ಮತ್ತು ಫಿಸಿಯೋಥೆರಪಿ. ಸೈಕ್ಲೋಫಾಸ್ಫಮೈಡ್ ನಿಲ್ಲಿಸಿ, ಟಿಪಿಎಂಟಿ ಪರೀಕ್ಷೆ (ಮುಂದಿನ ಔಷಧವನ್ನು ದೇಹ ಒಡೆಯಬಲ್ಲದೇ ಎಂದು ತಿಳಿಸುವಂಥದ್ದು) ನೋಡಿಕೊಂಡು ಅಜಥಯೋಪ್ರಿನ್ ದಿನಕ್ಕೆ 125 ಮಿ.ಗ್ರಾಂ ಶುರು ಮಾಡಲಾಯಿತು. ಇದರ ಜೊತೆ ಅಲೋಪ್ಯೂರಿನಾಲ್ ಸೇರಿದರೆ ಮಜ್ಜೆ ಕುಸಿಯುತ್ತದೆ, ಹಾಗಾಗಿ ಮುಂದೆ ಯೂರಿಕ್ ಆಮ್ಲಕ್ಕೆ ಯಾರೇ ಮಾತ್ರೆ ಬರೆದರೂ ಮೊದಲು ಈ ಚೀಟಿ ತೋರಿಸಬೇಕೆಂದು ಅದರ ಮೇಲೆಯೇ ಬರೆದುಕೊಡಲಾಯಿತು.